ಹೆರಿಗೆ ವಾರ್ಡಿನಲ್ಲಿ ಕೇಳಿದ ಹಾಡುಗಳು

ನಾನು ನಿವೃತ್ತಳಾದ ದಿನ ವಾರ್ಡಿನಲ್ಲಿ ಒಂದು ಪುಟ್ಟ ಸಮಾರಂಭ ಮಾಡಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಡ್ಯೂಟಿಗೆ ಹೊತ್ತಾಯಿತೆಂದು ಓಡಬೇಕಾಗಿಲ್ಲದವಳಿಗೆ ಗಡಿಯಾರವನ್ನೇ ಏಕೆ ಕೊಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಎಲ್ಲ ಮುಗಿದು ಲಾಡು ಹಂಚುವಾಗ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಚೈತ್ರ ಎಂಬ ನರ್ಸು ಪಕ್ಕದಲ್ಲಿ ಬಂದು ಕೂತು ಕೇಳಿದಳು: "ಸಿಸ್ಟರ್, ಹೆರಿಗೆಗೆ ಬಂದೋರ್ನೆಲ್ಲ ನಿನಗಿಷ್ಟವಾದ ಹಾಡು ಯಾವ್ದಮ್ಮ ಅಂತ ಕೇಳ್ತಿದ್ರಲ್ಲ, ನಿಮಗಿಷ್ಟವಾದ ಹಾಡು ಯಾವ್ದು?"

ನನ್ನ ಬಾಯಲ್ಲಿ ಲಾಡು ಇತ್ತು. ಇಲ್ಲದಿದ್ದರೂ ಉತ್ತರ ಬರುತ್ತಿತ್ತೆಂದು ಹೇಳಲಾರೆ. ಕಂಡವರನ್ನೆಲ್ಲ ಕೇಳಿದ ಪ್ರಶ್ನೆಯನ್ನು ನನಗೆ ಯಾರೂ ತಿರುಗಿಸಿ ಕೇಳಿರಲಿಲ್ಲ. ಒಂದು ಹೆಸರು ನೆನಪಿಗೆ ಬಂದರೆ ಅದನ್ನು ತಳ್ಳಿಕೊಂಡು ಇನ್ನೊಂದು ಬರುತ್ತಿತ್ತು. ಆಮೇಲೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಈಗ ಅಜ್ಜಂಪುರದ ಮನೆಯಲ್ಲಿ, ಅದೇ ಗಡಿಯಾರದ ಕೆಳಗೆ ಕೂತು, ಆ ಹುಡುಗಿಗೂ ಅವಳ ಓರಗೆಯವರಿಗೂ ಉತ್ತರ ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ಬರಬೇಕಾದ್ದಕ್ಕಿಂತ ತಡವಾಗಿ ಬಂದವು, ಬಂದಾಗ ಕೆಲಸ ಹೆಚ್ಚಾಯಿತು, ಅಷ್ಟೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನಾನು ದುಡಿದಿದ್ದೇನೆ. ಯಾವ ಸಂಗತಿ ಯಾವ ಆಸ್ಪತ್ರೆಯಲ್ಲಿ ನಡೆಯಿತೆಂದು ಬಿಡಿಸಿ ಹೇಳುವುದಿಲ್ಲ. ನೀವೂ ಕೆದಕಬೇಡಿ.

ಹಾಡು ಕೇಳುವ ಅಭ್ಯಾಸ ನನಗೆ ಅಂಟಿಕೊಂಡದ್ದು ಜಾಣತನದಿಂದಲ್ಲ, ಹೆದರಿಕೆಯಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಾಕೆ ಮೊದಲ ಹೆರಿಗೆಗೆ ಬಂದಿದ್ದಳು. ನೋವು ಬಂದಾಗಲೆಲ್ಲ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಮುಟ್ಟಲು ಹೋದರೆ ಒದೆಯುತ್ತಿದ್ದಳು. ನನಗಾದರೂ ಏನು ಅನುಭವ? ಅವಳಿಗಿಂತ ನಾನೇ ಹೆಚ್ಚು ಹೆದರಿದ್ದೆ. ಏನಾದರೂ ಮಾತಾಡಿಸಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ, ನಿನಗೆ ಯಾವ ಹಾಡು ಇಷ್ಟ ಅಂತ. ಅವಳು ಕೈ ಕಚ್ಚುವುದನ್ನು ಬಿಟ್ಟು ನನ್ನನ್ನು ನೋಡಿದಳು. "ಈಗಾ?" ಎಂದಳು. ಆಮೇಲೆ ಆ ನೋವಿನಲ್ಲೂ ನಕ್ಕುಬಿಟ್ಟಳು. ಅವಳಿಗೆ ಇಷ್ಟವಾದದ್ದು ರಾಗಿ ಬೀಸುವ ಪದ. ಅವಳು ಒಂದು ಸಾಲು, ನಾನು ಒಂದು ಸಾಲು, ಹೀಗೆ ಇಬ್ಬರೂ ಬೀಸಿಕೊಂಡೇ ಹೊತ್ತು ಕಳೆದೆವು.

ಹಾಗೆ ಹಾಡುತ್ತಿದ್ದಾಗಲೇ ನನಗೆ ಒಂದು ವಿಷಯ ತಿಳಿದದ್ದು. ನೋವು ಎಳೆಯದಿದ್ದಾಗ ಹಾಡು ಸಲೀಸಾಗಿ ಸಾಗುತ್ತದೆ. ಬಲಿತಾಗ ಸಾಲು ನಡುವೆ ತುಂಡಾಗುತ್ತದೆ. ಇನ್ನೂ ಬಲಿತರೆ ಎರಡು ಪದವೂ ಕೂಡಿ ಬರುವುದಿಲ್ಲ. ಎಲ್ಲಿ ತುಂಡಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ ತುಂಡಾಗುತ್ತದೆ ಎಂದು ಕಿವಿಗೊಟ್ಟು ಕೇಳಿದರೆ ಹೆರಿಗೆ ಎಲ್ಲಿಗೆ ಬಂತೆಂದು ಮುಕ್ಕಾಲು ಪಾಲು ಗೊತ್ತಾಗುತ್ತಿತ್ತು. ಪಕ್ಕದ ಮಂಚದ ಕೆಲಸ ಮಾಡುತ್ತಲೇ ಈ ಮಂಚದ ಹಾಡು ಕೇಳಿಸಿಕೊಳ್ಳಬಹುದಿತ್ತು. ಒಬ್ಬಳೇ ನರ್ಸು ಇಡೀ ವಾರ್ಡು ನೋಡಿಕೊಳ್ಳುವ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ.

ಅಂದಿನಿಂದ ವಾರ್ಡಿಗೆ ಬಂದವರಿಗೆಲ್ಲ ಹೆಸರು, ಊರು ಕೇಳಿದ ಮೇಲೆ ಹಾಡು ಕೇಳುವುದು ನನ್ನ ಪದ್ಧತಿಯಾಯಿತು. ಎಂಥೆಂಥ ಹಾಡು ಕೇಳಿದೆ ಎನ್ನುತ್ತೀರಿ! ಮೊದಮೊದಲು ಬರುತ್ತಿದ್ದದ್ದು ಸೋಬಾನೆ, ಬೀಸುವ ಪದ, ಕುಟ್ಟುವ ಪದ. ಅಜ್ಜಂಪುರದ ಅಂಗಡಿ ಮನೆತನಗಳ ಸೊಸೆಯರು ಮಠದಲ್ಲಿ ಕಲಿತ ವಚನ ಹೇಳುತ್ತಿದ್ದರು. ತರೀಕೆರೆಯ ಶಾಹಿದಾ ಎಂಬಾಕೆ ಚಪ್ಪಾಳೆ ಸಮೇತ ಕವ್ವಾಲಿ ಹಾಡಿ, ಚಪ್ಪಾಳೆ ನನ್ನಿಂದಲೂ ತಟ್ಟಿಸಿದಳು. ತಾಂಡಾದಿಂದ ಬಂದ ಅಕ್ಕತಂಗಿಯರು ಹಾಡಿದ್ದು ಒಂದಕ್ಷರವೂ ನನಗೆ ಅರ್ಥವಾಗಲಿಲ್ಲ, ಆದರೆ ತುಂಡಾದ ಜಾಗ ಮಾತ್ರ ಸರಿಯಾಗಿ ಗೊತ್ತಾಯಿತು. ಒಬ್ಬ ಶಾಲಾ ಮೇಡಂ ಭಾವಗೀತೆ ಹಾಡುತ್ತಿದ್ದರು. ನಾನು ಜೊತೆಗೂಡಿ ಒಂದು ಪದ ತಪ್ಪು ಹಾಡಿದ್ದಕ್ಕೆ, ಆ ನೋವಿನಲ್ಲೇ ನನ್ನನ್ನು ತಡೆದು ತಿದ್ದಿಸಿ, ಆಮೇಲೆ ಕಿರುಚಿದರು.

ಆಮೇಲೆ ಸಿನಿಮಾ ಹಾಡುಗಳ ಕಾಲ ಬಂತು. ಅತ್ತೆಗೆ ಇಷ್ಟ ಕಪ್ಪುಬಿಳುಪು ಚಿತ್ರದ್ದು, ಸೊಸೆಗೆ ಇಷ್ಟ ಡಿಸ್ಕೋ. ಒಂದು ಸಲ ಇಬ್ಬರೂ ಮಂಚದ ಆಚೆ ಈಚೆ ಕೂತು ಯಾವುದು ಒಳ್ಳೆಯ ಹಾಡೆಂದು ವಾದಕ್ಕೇ ಬಿದ್ದರು. ಬಸುರಿ ಸೊಸೆಗೆ ಸಿಟ್ಟು ಬಂದಷ್ಟೂ ಹೆರಿಗೆ ಬೇಗ ಆಯಿತು. ಈಗಿನ ಹುಡುಗಿಯರು ಕಿವಿಗೆ ತಂತಿಯಿಲ್ಲದ ಗುಂಡಿ ಸಿಕ್ಕಿಸಿಕೊಂಡು ಬರುತ್ತಾರೆ. ಅವರು ಕೇಳುವುದರಲ್ಲಿ ಮನುಷ್ಯರ ದನಿ ಎಲ್ಲಿ ಮುಗಿಯಿತು, ಮೆಷಿನ್ನು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಹಾಗಂತ ಬೈಯುವವಳು ನಾನಲ್ಲ. ಒಬ್ಬಳು ಒಂದು ಗುಂಡಿಯನ್ನು ತೆಗೆದು ನನ್ನ ಕಿವಿಗಿಟ್ಟು, "ಇದನ್ನೊಂದು ಕೇಳಿ ಆಂಟಿ" ಎಂದಳು. ಪಟಪಟ ಮಾತಾಡಿದಂತಿದ್ದ ಹಾಡು. ಎರಡನೇ ಸಲಕ್ಕೆ ನನ್ನ ಕಾಲೇ ತಾಳ ಹಾಕುತ್ತಿತ್ತು. ಈಗಲೂ ಅಡಿಗೆ ಮಾಡುವಾಗ ಅದನ್ನು ಹಾಕಿಕೊಳ್ಳುತ್ತೇನೆ. ಅದಾದ ಮೇಲೆ ಹಳೆಯ ಕೊಳಲಿನ ಹಾಡೊಂದು ಬೇಕು, ಅದಾದ ಮೇಲೆ ಒಂದು ದಾಸರ ಪದ. ಮೂರೂ ಒಂದೇ ನಾಲಿಗೆಗೆ ರುಚಿಸುವುದಾದರೆ ತಪ್ಪೇನಿದೆ?

ಇನ್ನು ನಮ್ಮ ವಿಮಲಾ ಮೇಡಂ ವಿಷಯ ಹೇಳಬೇಕು. ನಾನು ಕಂಡ ಮೇಲಧಿಕಾರಿಗಳಲ್ಲಿ ನಾನು ಹೆದರಿದ್ದು ಅವರೊಬ್ಬರಿಗೇ. ಡಾಕ್ಟರು ಎಂದರೆ ಡಾಕ್ಟರು. ಸೀರೆಯ ನಿರಿಗೆ ಕದಲದಂತೆ ಬರುವರು, ಹೋಗುವರು. ವಾರ್ಡಿನಲ್ಲಿ ಹಾಡು ಕೇಳಿಸಿದ ಮೊದಲ ದಿನ ಬಾಗಿಲಲ್ಲೇ ನಿಂತು, ಇದೇನು ಆಸ್ಪತ್ರೆಯೋ ಬಳೆ ತೊಡಿಸುವ ಶಾಸ್ತ್ರವೋ ಎಂದು ಕೇಳಿದರು. ನಾನು ನನ್ನ ಲೆಕ್ಕಾಚಾರವನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು, ಸರಿ ಎನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಆಯಿತು ನೋಡೋಣ ಎಂದು ಹೋದರು. ನಾನು ಗೆದ್ದೆನೆಂದು ಬೀಗಿದೆ.

ಆ ಬೀಗು ಇಳಿಸಿದವಳು ಅಮೃತಾಪುರದ ಕಡೆಯ ನೀಲಮ್ಮ. ಅವಳದು ಭಜನೆಯ ಮನೆತನ. ಬೆಳಿಗ್ಗೆ ಬಸ್ಸಿನಲ್ಲಿ ಬಂದಳು, ಹಾಡು ಯಾವುದಮ್ಮ ಎಂದರೆ ಒಂದಲ್ಲ, ಭಜನೆಯ ಸಾಲನ್ನೇ ಹಿಡಿದಳು. ಎಂಥಾ ಕಂಠ! ಬಾಣಂತಿಯರೆಲ್ಲ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಾ ಕೂತರು. ಸಾಲು ಎಲ್ಲೂ ತುಂಡಾಗಲಿಲ್ಲ, ಶ್ರುತಿ ಒಂದೆಳೆ ಕದಲಲಿಲ್ಲ. ಇವಳದು ಸಂಜೆಗೆ ಎಂದುಕೊಂಡು ನಾನು ನೆಮ್ಮದಿಯಾಗಿ ಬ್ಯಾಂಡೇಜು ಸುತ್ತುತ್ತಿದ್ದೆ. ಒಂದು ಚರಣ ಮುಗಿಸಿ ಪಲ್ಲವಿಗೆ ತಿರುಗುವ ಮುಂಚೆ, "ಸಿಸ್ಟ್ರೇ, ತಲೆ ಬಂತು ಕಣ್ರೀ" ಎಂದಳು, ಮಳೆ ಬಂತು ಎನ್ನುವವಳ ಹಾಗೆ. ಬ್ಯಾಂಡೇಜು ಒಂದು ಕಡೆ, ನಾನು ಒಂದು ಕಡೆ. ಮಗು ನನ್ನ ಕೈಗೆ ಬಿತ್ತು ಎನ್ನುವುದಕ್ಕಿಂತ ನಾನೇ ಮಗುವಿನ ಕೈಗೆ ಸಿಕ್ಕಿಬಿದ್ದೆ ಎನ್ನಬೇಕು.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮೇಡಂ ಬಂದು ಎಲ್ಲ ನೋಡಿ, ಹೊರಗೆ ಕರೆದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. "ಪಾರ್ವತಮ್ಮ, ಹಾಡು ಕೇಳಿ, ಬೇಡ ಅನ್ನಲ್ಲ. ಆದ್ರೆ ಕಿವಿ ಇಟ್ಟ ಕಡೆ ಕೈನೂ ಇಡಿ" ಎಂದರು. ಅಷ್ಟೆ. ಅಂದಿನಿಂದ ಹಾಡು ಎಷ್ಟೇ ಸಲೀಸಾಗಿರಲಿ, ಹೊಟ್ಟೆಯ ಮೇಲೆ ಕೈಯಿಟ್ಟು ನೋವಿನ ಬಿಗಿ ನೋಡುವುದನ್ನೂ, ತುತ್ತೂರಿಯಂಥ ಆ ಮರದ ಕೊಳವೆ ಹಚ್ಚಿ ಮಗುವಿನ ಎದೆಬಡಿತ ಕೇಳುವುದನ್ನೂ ತಪ್ಪಿಸಲಿಲ್ಲ. ಚೈತ್ರ, ನಿಮಗೆ ಈಗ ಪೆಟ್ಟಿಗೆ ಬಂದಿದೆ, ಒತ್ತಿದರೆ ಟಕಟಕ ಎಂದು ಇಡೀ ವಾರ್ಡಿಗೇ ಕೇಳಿಸುತ್ತದೆ. ಒಳ್ಳೆಯದೇ. ಆದರೂ ಕೈಯಿಡಿ.

ಮೇಡಂ ಅವರ ಇಷ್ಟದ ಹಾಡು ಯಾವುದೆಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ನನಗೆ ಹೆರಿಗೆ ಆಗುವಾಗ ಹೇಳುತ್ತೇನೆ ಎಂದರು. ಅವರಿಗೆ ಮದುವೆಯೇ ಆಗಿರಲಿಲ್ಲ.

ಈಗ ರೇಣುಕಳ ವಿಷಯಕ್ಕೆ ಬರುತ್ತೇನೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ದನ ಮೇಯುವ ಎಮ್ಮೆದೊಡ್ಡಿಯ ಕಾವಲಿನ ಅಂಚಿನ ಹಳ್ಳಿಯವಳು. ಜೊತೆಗೆ ಅತ್ತೆ ಗಂಗಮ್ಮ. ರೇಣುಕಳಿಗೆ ಇದು ಮೂರನೇ ಬಸುರು, ಮಡಿಲಿಗೆ ಒಂದೂ ದಕ್ಕಿರಲಿಲ್ಲ. ಈ ಸಲ ದಿನ ತುಂಬಿತ್ತು, ಆದರೆ ಕಾಲು ಊದಿತ್ತು, ಬಿ.ಪಿ. ಏರಿತ್ತು. ಹೆರಿಗೆ ಆಗುವವರೆಗೂ ಇವಳು ಆಸ್ಪತ್ರೆಯ ಗೇಟು ದಾಟಕೂಡದು, ದಾರಿಯಲ್ಲಿ ಫಿಟ್ಸ್ ಬಂದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ ಎಂದು ಮೇಡಂ ನನಗೆ ಪ್ರತ್ಯೇಕವಾಗಿ ಹೇಳಿದ್ದರು.

ಹೆಸರು, ಊರು ಕೇಳಿದೆ. ನಿನಗಿಷ್ಟವಾದ ಹಾಡು ಯಾವುದಮ್ಮ ಎಂದೆ. ರೇಣುಕ ತಲೆಯಾಡಿಸಿದಳು. ಸೋಬಾನೆಯೋ ಸಿನಿಮಾದ್ದೋ ಎಂದೆ. ಅದಕ್ಕೂ ತಲೆಯಾಡಿಸಿದಳು. "ಅವ್ಳಿಗೆ ಹಾಡು ಗೀಡು ಏನಿಲ್ಲ, ಬಿಡವ್ವ" ಎಂದು ಗಂಗಮ್ಮ ಮುಗಿಸಿದಳು. ಹಾಡಿಲ್ಲದ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾಚಿಕೆ ಇರಬೇಕು, ನಾಳೆ ಹೇಳುತ್ತಾಳೆ ಎಂದುಕೊಂಡೆ. ನಾಳೆಯೂ ಹೇಳಲಿಲ್ಲ. ಮಂಚದ ಮೇಲೆ ಕೂತು ವಾರ್ಡಿನ ತೊಟ್ಟಿಲನ್ನೇ ನೋಡುತ್ತಿದ್ದಳು.

ಆ ತೊಟ್ಟಿಲು ಕಬ್ಬಿಣದ್ದು, ಎರಡು ಸಾಲಿನ ಮಂಚಗಳ ನಡುವೆ ಇತ್ತು. ಹೆಸರಿಡುವ ಮುಂಚೆ ಮಗುವನ್ನು ತೊಟ್ಟಿಲಿಗೆ ಹಾಕಬಾರದು ಎನ್ನುವವರಿದ್ದರು. ಆಸ್ಪತ್ರೆಯ ತೊಟ್ಟಿಲು ಶಾಸ್ತ್ರಕ್ಕೆ ಸೇರಿದ್ದಲ್ಲ ಎಂದು ಹಾಕುವವರೂ ಇದ್ದರು. ಅಂದು ಮಧ್ಯಾಹ್ನ ಪಕ್ಕದ ಮಂಚದ ಬಾಣಂತಿಯ ಮಗು ಅದರಲ್ಲಿ ಮಲಗಿ ರಚ್ಚೆ ಹಿಡಿದಿತ್ತು. ನಾನು ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತಾ, ಇನ್ನೊಂದು ಕೈಯಲ್ಲಿ ಮಾತ್ರೆ ಎಣಿಸುತ್ತಾ, ಬುಕ್ಕಾಂಬುಧಿಯ ನಮ್ಮಜ್ಜಿ ಹಾಡುತ್ತಿದ್ದ ಜೋಗುಳ ಎತ್ತಿಕೊಂಡೆ. ಆ ಕಡೆಯ ಹಳ್ಳಿಗಳಲ್ಲೆಲ್ಲ ಇದ್ದ ಹಾಡೇ ಅದು. ನನಗೆ ತುಂಬ ಇಷ್ಟ.

ಕಾವಲು ಮೇದು ಕಪಿಲೆ ಬಂತು
ಬಾಗಿಲ ಮುಂದೆ ನಿಂತು ಕೂಗಿತು
ಎಲ್ಲೈತೆ ನನ ಕರು ಎಲ್ಲೈತೆ

ಅಷ್ಟರಲ್ಲಿ ಗಂಗಮ್ಮನ ಕೂಗು ಕೇಳಿಸಿತು. ತಿರುಗಿ ನೋಡಿದರೆ ಬಾಣಂತಿ ಯಾವಾಗಲೋ ಮಗುವನ್ನು ಹಾಲಿಗೆ ಎತ್ತಿಕೊಂಡು ಹೋಗಿದ್ದಳು. ನನ್ನ ಕಣ್ಣು ಮಾತ್ರೆಯ ಮೇಲೆ, ಕೈ ತೊಟ್ಟಿಲ ಮೇಲೆ. ನಾನು ತೂಗುತ್ತಿದ್ದದ್ದು ಖಾಲಿ ತೊಟ್ಟಿಲು.

ನಮ್ಮ ಕಡೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಖಾಲಿ ತೊಟ್ಟಿಲು ತೂಗಬಾರದು, ಅದಕ್ಕೆ ಜೋಗುಳ ಹಾಡಲೇಬಾರದು. ಎರಡನ್ನೂ ಮಾಡಿದ್ದೆ, ಅದೂ ಎರಡು ಸಲ ಮಡಿಲು ಬರಿದಾದವಳ ಕಣ್ಣೆದುರು. ಹಾಡು ನಿಂತದ್ದಾದರೂ ಎಲ್ಲಿ? ಕರು ಎಲ್ಲಿದೆ ಎಂದು ಹಸು ಕೇಳುವ ಜಾಗದಲ್ಲಿ. ರೇಣುಕ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಗಂಗಮ್ಮ ಆಗಲೇ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು. ಊರಲ್ಲಿ ಸೂಲಗಿತ್ತಿ ಇದ್ದಾಳೆ, ಈ ಅಪಶಕುನದ ಮನೆಯಲ್ಲಿ ಒಂದು ಗಳಿಗೆ ಇರುವುದಿಲ್ಲ ಎಂದಳು. ಮೇಡಂ ಆಪರೇಷನ್ ಥಿಯೇಟರಿನಲ್ಲಿದ್ದರು. ನಾನು ಬೇಡಿಕೊಂಡೆ, ತಪ್ಪಾಯಿತು ಎಂದೆ, ಬಿ.ಪಿ.ಯ ಅಪಾಯ ವಿವರಿಸಿದೆ. "ನಿಮ್ಮ ಬಿ.ಪಿ. ನಿಮ್ಮತ್ರನೇ ಇಟ್ಕಳಿ" ಎಂದು ಸೊಸೆಯ ಕೈ ಹಿಡಿದು ಹೊರಟೇಬಿಟ್ಟಳು. ಹಠವಲ್ಲ ಅದು, ಹೆದರಿಕೆ. ಎರಡು ಸಲ ಕಳೆದುಕೊಂಡದ್ದು ಸೊಸೆಯೊಬ್ಬಳೇ ಅಲ್ಲ.

ಗೇಟಿನ ಹತ್ತಿರ ಆಟೋಗಾಗಿ ನಿಂತರು. ನಾನು ಹಿಂದಿನಿಂದಲೇ ಓಡಿದೆ. ಏನು ಹೇಳಲಿ? ನನ್ನ ಹತ್ತಿರ ಇದ್ದದ್ದೆಲ್ಲ ಔಷಧಿಯ ಮಾತು, ಅವಳ ಭಯಕ್ಕೆ ಔಷಧಿ ಅದಲ್ಲ. ಗೇಟಿನ ಪಕ್ಕದಲ್ಲಿ ಸಿದ್ದಣ್ಣನ ಇಡ್ಲಿ ಹೋಟೆಲು. ಸಿದ್ದಣ್ಣ ಒರಳ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದ. ಒರಳಲ್ಲಿ ಗುಂಡುಕಲ್ಲು ಗರಗರ ತಿರುಗುತ್ತಿತ್ತು. ಅದನ್ನು ನೋಡಿದ್ದೇ ನನಗೆ ಹೊಳೆಯಿತು.

"ಗಂಗಮ್ಮ, ಹೆಸ್ರಿಡೋ ದಿನ ತೊಟ್ಲಿಗೆ ಮೊದ್ಲು ಯಾರನ್ನ ಮಲಗಿಸ್ತೀರಾ?" ಎಂದು ಕೇಳಿದೆ.

ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. "ಗುಂಡುಕಲ್ನ. ಇನ್ನಾರ್ನ ಮಲಗಿಸ್ತಾರೆ?"

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಾಮಕರಣದಲ್ಲಿ ಮಗುವಿಗಿಂತ ಮುಂಚೆ ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಮಗು ಎಂದು ಹಾರೈಕೆ. ಆ ಕಲ್ಲಿಗೂ ಜೋಗುಳ ಹಾಡುತ್ತಾರೆ. ಹಾಗಾದರೆ ನಾನು ಹಾಡಿದ್ದೂ ಕಲ್ಲಿಗೇ ಆಗಲಿ, ಈಗಲೇ ತಂದು ಮಲಗಿಸುತ್ತೇನೆ ಎಂದೆ. ಗಂಗಮ್ಮ ಯೋಚಿಸಿದಳು. ಒಪ್ಪಲಿಲ್ಲ. ನೀನು ಹಾಡುವಾಗ ಕಲ್ಲು ಇರಲಿಲ್ಲವಲ್ಲ ಎಂದಳು. ಅದು ನ್ಯಾಯವಾದ ಮಾತು. ಆಟೋ ಬಂದು ನಿಂತಿತು.

ಆಗ ರೇಣುಕ ಬಾಯಿ ಬಿಟ್ಟಳು. ನಾನು ಅವಳ ದನಿ ಕೇಳಿದ್ದು ಅದೇ ಮೊದಲು. "ಅತ್ತೆ, ಹಾಡು ಅರ್ಧಕ್ಕೆ ನಿಂತೈತೆ. ಮುಗ್ದಿಲ್ಲ. ಮುಗ್ಯೋದ್ರೊಳಗೆ ಕಲ್ಲು ಮಲಗಿಸಿದ್ರೆ ಆಯ್ತದೆ. ನಂಗೆ ಇಲ್ಲೇ ಇರ್ಬೇಕು."

ಗಂಗಮ್ಮ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಒರಳನ್ನು ನೋಡಿದಳು. ಆಮೇಲೆ ಆಟೋದವನಿಗೆ ಹೋಗಪ್ಪ ಎಂದು ಕೈಬೀಸಿದಳು. ಆದರೆ ಒಂದು ಷರತ್ತು ಹಾಕಿದಳು. ಮಿಕ್ಕ ಅರ್ಧ ಹಾಡನ್ನು ಮಗು ತೊಟ್ಟಿಲಿಗೆ ಬರುವವರೆಗೆ ನಾನೂ ಹಾಡಕೂಡದು, ವಾರ್ಡಿನಲ್ಲಿ ಬೇರೆ ಯಾರೂ ಹಾಡಕೂಡದು. ಆಣೆ ಮಾಡಿದೆ.

ಸಿದ್ದಣ್ಣನ ಹತ್ತಿರ ಕಲ್ಲು ಕೇಳುವುದೇ ಒಂದು ಸಾಹಸವಾಯಿತು. ಚಟ್ನಿ ಅರ್ಧಕ್ಕೆ ನಿಂತಿದೆ ಎಂದ. ಹಾಡೂ ಅರ್ಧಕ್ಕೆ ನಿಂತಿದೆ ಎಂದೆ. ಅವನಿಗೆ ಏನೂ ಅರ್ಥವಾಗದೆ, ಸರ್ಕಾರಿ ನರ್ಸನ್ನು ಎದುರು ಹಾಕಿಕೊಳ್ಳುವುದು ಬೇಡವೆಂದು ತೊಳೆದು ಕೊಟ್ಟ. ಕಲ್ಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದೆ. ಗಂಗಮ್ಮ ತನ್ನ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಹಚ್ಚಿದಳು. ಅಷ್ಟರಲ್ಲಿ ಮೇಡಂ ಬಂದರು. ತೊಟ್ಟಿಲ ಬಟ್ಟೆ ಸರಿಸಿ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕಲ್ಲನ್ನು ಬೆರಳಿಂದ ಮುಟ್ಟಿ, ಬೆರಳನ್ನು ಮೂಸಿ ನೋಡಿದರು. "ಬೆಳ್ಳುಳ್ಳಿ ವಾಸನೆ ಬರ್ತಿದೆ. ಔಷಧಿ ನೀರಲ್ಲಿ ಇನ್ನೊಂದ್ಸಲ ತೊಳೀರಿ" ಎಂದು ರೇಣುಕಳ ಬಿ.ಪಿ. ನೋಡಲು ಹೋದರು. ಮಾರನೆಯ ಬೆಳಿಗ್ಗೆ ರೌಂಡ್ಸಿಗೆ ಬಂದವರು ಎಲ್ಲ ಮಂಚಗಳನ್ನೂ ನೋಡಿ ತೊಟ್ಟಿಲ ಹತ್ತಿರ ನಿಂತು, ಈ ಪೇಷಂಟ್ ಹೇಗಿದ್ದಾರೆ ಎಂದು ಕೇಳಿದರು. ಅವರ ತುಟಿಯಲ್ಲಿ ನಗು ಇತ್ತೆಂದು ಈಗಲೂ ನಾನು ಪ್ರಮಾಣ ಮಾಡಬಲ್ಲೆ.

ರೇಣುಕಳಿಗೆ ಅಂದೇ ನೋವು ಬರಿಸಲು ಮದ್ದು ಹಾಕಿದರು. ನನಗೆ ಕೇಳಲು ಹಾಡಿರಲಿಲ್ಲ. ಅವಳು ಹಲ್ಲು ಕಚ್ಚಿ ಸುಮ್ಮನೆ ಮಲಗಿದ್ದಳು, ಎಷ್ಟು ಸುಮ್ಮನೆ ಎಂದರೆ ಹೊರಗಿನವರಿಗೆ ನಿದ್ದೆ ಮಾಡುತ್ತಿದ್ದಾಳೆ ಎನ್ನಿಸಬೇಕು. ನೀಲಮ್ಮನ ಪಾಠ ಅಂದು ಕೆಲಸಕ್ಕೆ ಬಂತು. ನಾನು ಅವಳ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರದ ಕೊಳವೆಯಲ್ಲಿ ಮಗುವಿನ ಎದೆಬಡಿತ ನಿಧಾನವಾದದ್ದು ಕೇಳಿಸಿತು. ಅವಳ ಮುಖ ನೋಡಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಮೇಡಂ ಅವರಿಗೆ ಹೇಳಿ ಕಳಿಸಿದೆ. ಬಂದವರೇ ಮಗುವನ್ನು ಇಕ್ಕಳ ಹಾಕಿ ತೆಗೆದರು.

ಹೆಣ್ಣು ಮಗು. ಅಳಲಿಲ್ಲ.

ನಾನು ಬೆನ್ನು ಉಜ್ಜಿದೆ, ಮೂಗು ಬಾಯಿ ಒರೆಸಿದೆ, ಪಾದ ತಟ್ಟಿದೆ. ಮೇಡಂ ಬಾಗಿ ಅದರ ಪುಟ್ಟ ಬಾಯಿಗೆ ಉಸಿರು ಊದಿದರು. ಬಾಗಿಲಾಚೆ ಗಂಗಮ್ಮ ದೇವರನ್ನು ಕೂಗುವುದನ್ನೂ ನಿಲ್ಲಿಸಿದ್ದಳು. ಅಷ್ಟು ವರ್ಷ ಹಾಡು ಹಾಡು ಎಂದು ಎಲ್ಲರನ್ನೂ ಕೇಳಿದವಳಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಒಂದು ಅಳು ಮಾತ್ರ. ಕೊನೆಗೆ ಬಂತು, ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಇಡೀ ಆಸ್ಪತ್ರೆಗೆ ಕೇಳಿಸುವ ಹಾಗೆ. ಮೇಡಂ ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚಿಕೊಂಡರು. ನಾನು ಅತ್ತುಬಿಟ್ಟೆ. ಅಳುವುದಕ್ಕೆ ನಾನೇನೂ ನಾಚಿಕೊಳ್ಳುವವಳಲ್ಲ.

ಮಗುವನ್ನು ಎದೆಯ ಮೇಲಿಟ್ಟಾಗ ರೇಣುಕ ಹಾಡಬಹುದೆಂದು ಕಾದೆ. ಹಾಡಲಿಲ್ಲ. ವಾರ್ಡಿನಲ್ಲಿದ್ದಷ್ಟು ದಿನವೂ ಹಾಡಲಿಲ್ಲ. ತೊಟ್ಟಿಲಲ್ಲಿ ಕಲ್ಲೇ ಮಲಗಿತ್ತು, ಮಗು ಅವಳ ಪಕ್ಕದಲ್ಲಿ ಮಲಗಿತ್ತು. ಡಿಸ್ಚಾರ್ಜ್ ಆಗಿ ಹೊರಡುವ ದಿನ ನೋಡಿದರೆ ತೊಟ್ಟಿಲಲ್ಲಿ ಕಲ್ಲಿಲ್ಲ. ಗಂಗಮ್ಮ ಅದನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು. ಹೆಸರಿಡುವಾಗ ಬೇರೆ ಕಲ್ಲು ಹೇಗಾಗುತ್ತದೆ, ಹಾಡು ಹಾಡಿಸಿಕೊಂಡ ಕಲ್ಲು ಇದಲ್ಲವೇ ಎಂದಳು. ಸಿದ್ದಣ್ಣ ಬಹಳ ದಿನ ನನ್ನನ್ನು ಕಂಡಾಗಲೆಲ್ಲ ಕಲ್ಲು ಕೇಳಿದ. ಕೊನೆಗೆ ಮಿಕ್ಸಿ ತಂದ. ಅವನ ಚಟ್ನಿ ಅಂದಿನಿಂದ ಕೆಟ್ಟಿತೆಂದು ಇಡೀ ಆಸ್ಪತ್ರೆ ನನ್ನನ್ನೇ ದೂರಿತು.

ನಾಮಕರಣಕ್ಕೆ ಗಂಗಮ್ಮ ಖುದ್ದಾಗಿ ಬಂದು ಕರೆದಳು. ಮೇಡಂ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಅವರೇ ತಮ್ಮ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟರು. ಕಾವಲಿನ ಅಂಚಿಗೆ ಬಂದಾಗ ದನಗಳು ದಾರಿ ದಾಟುತ್ತಿದ್ದವು. ಕೊಂಬು ಎತ್ತಿದ ಹಸುಗಳು, ಅವುಗಳ ಹಿಂದೆ ಕರುಗಳು. ಕಾರು ನಿಲ್ಲಿಸಿ ಅವು ದಾಟುವವರೆಗೂ ಕಾದೆವು. ಮೇಡಂ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಾ ಏನೋ ಗುನುಗುತ್ತಿದ್ದರು. ಯಾವ ಹಾಡು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಕೇಳಿದರೆ ನಿಲ್ಲಿಸಿಬಿಡುತ್ತಾರೆ ಎಂದು.

ನಡುಮನೆಯಲ್ಲಿ ಮರದ ತೊಟ್ಟಿಲು ಕಟ್ಟಿದ್ದರು. ಸಿದ್ದಣ್ಣನ ಕಲ್ಲು ಜರಿಯ ಬಟ್ಟೆ ಉಟ್ಟು ಒಳಗೆ ಮಲಗಿತ್ತು. ಹೆಂಗಸರು ಸೋಬಾನೆ ಹೇಳಿದರು. ಆಮೇಲೆ ಗಂಗಮ್ಮ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು, ರೇಣುಕ ಮಗುವನ್ನು ಮಲಗಿಸಿದಳು. ಗಂಗಮ್ಮ ನನ್ನ ಕಡೆ ತಿರುಗಿ, "ಹಾಡಿ ಸಿಸ್ಟ್ರೇ, ಅರ್ಧ ಉಳಿಸ್ಕಂಡಿದೀರಲ್ಲ" ಎಂದಳು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ರೇಣುಕ ತೊಟ್ಟಿಲ ಹಗ್ಗ ಹಿಡಿದದ್ದು ಕಾಣಿಸಿತು. ಅವಳ ತುಟಿ ಅಲುಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಅವಳಿಗೆ ಹಾಡಿಲ್ಲ ಎಂದು ಗಂಗಮ್ಮ ಹೇಳಿದ್ದು ಸುಳ್ಳು. ಇತ್ತು. ಹಿಂದಿನ ಎರಡು ಬಸುರಿನಲ್ಲೂ ಹೊಟ್ಟೆಯ ಮೇಲೆ ಕೈಯಾಡಿಸುತ್ತಾ ಇದೇ ಹಾಡನ್ನು ಹಾಡಿಕೊಂಡಿದ್ದಳಂತೆ. ಮುಂಚಿತವಾಗಿ ಹಾಡಿದ್ದಕ್ಕೇ ಹಾಗಾಯಿತೆಂದು ಹೆದರಿ, ಮೂರನೇ ಸಲ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಊಟದ ಹೊತ್ತಿಗೆ. ತೊಟ್ಟಿಲ ಮುಂದೆ ನಿಂತಾಗ ನನಗೆ ಅದೊಂದೂ ಗೊತ್ತಿರಲಿಲ್ಲ.

ಚೈತ್ರ, ನೀನು ಕೇಳಿದ್ದಕ್ಕೆ ಉತ್ತರ ಇದೇ. ಕಿವಿಗೆ ಗುಂಡಿ ಇಟ್ಟುಕೊಂಡು ಕೇಳುವ ಹಾಡೂ ನನಗಿಷ್ಟ, ಕೊಳಲಿನದೂ ಇಷ್ಟ, ದಾಸರದೂ ಇಷ್ಟ. ಆದರೆ ಒಂದನ್ನೇ ಹೇಳು ಎಂದರೆ, ಎಮ್ಮೆದೊಡ್ಡಿಯ ಆ ಮನೆಯಲ್ಲಿ ಶ್ರುತಿಯೂ ಇಲ್ಲದೆ, ತಾಳವೂ ಇಲ್ಲದೆ, ಅಳುವಿನ ನಡುವೆ ಕೇಳಿದ್ದನ್ನು ಹೇಳುತ್ತೇನೆ. ರೇಣುಕ ಹಾಡನ್ನು ಮೊದಲಿನಿಂದ ಶುರು ಮಾಡಲಿಲ್ಲ. ಆಸ್ಪತ್ರೆಯ ಖಾಲಿ ತೊಟ್ಟಿಲ ಮುಂದೆ ನಾನು ಎಲ್ಲಿ ನಿಲ್ಲಿಸಿದ್ದೆನೋ ಅದರ ಮುಂದಿನ ಸಾಲಿನಿಂದ ಎತ್ತಿಕೊಂಡಳು.

ಇಲ್ಲೈತೆ ತಾಯಿ ಇಲ್ಲೈತೆ
ತೊಟ್ಟಿಲ ತುಂಬ ಮಲಗೈತೆ